ತಂಗಿಯ ಮಗನ ಹೆಸರು

1993ರ ಒಂದು ಸಂಜೆ, ಸಿಡ್ನಿಯಿಂದ ಪ್ಯಾರಮಟ್ಟಾ ಕಡೆಗೆ ಹೋಗುವ ರೈಲಿನಲ್ಲಿ ನನ್ನ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಹಳೆಯ ದಾಖಲೆಗಳ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಗಂಡನೊಡನೆ ಮಾತಾಡುತ್ತಿದ್ದರು.

“ಯುದ್ಧದಲ್ಲಿ ದೂರಾದ ತಂಗೀನ ಹುಡುಕ್ಕೊಂಡು ನಮ್ಮ ಆಫೀಸಿಗೆ ಯಹೂದಿ ಅಜ್ಜ ಮೆಂಡೆಲ್ ಬರ್ತಾರಲ್ಲ, ಆ ತಂಗಿ ಹೆಸರು ಇವತ್ತು ಹಳೇ ಹಡಗಿನ ಲಿಸ್ಟಲ್ಲಿ ಸಿಕ್ತು ರೀ. ನಲವತ್ತೊಂಬತ್ತರಲ್ಲೇ ಮೆಲ್ಬರ್ನ್‌ಗೆ ಬಂದಿದ್ರು.”

“ಈಗಿದಾರಾ?”

“ಹೋದ ವರ್ಷ ತೀರ್ಕೊಂಡ್ರಂತೆ.”

“ಅಜ್ಜ ಸಿಡ್ನೀಲೇ ಇದ್ರಲ್ಲ. ಆಕೆ ಅಣ್ಣನ್ನ ಹುಡುಕಲೇ ಇಲ್ವಾ?”

“ಲಿಸ್ಟಲ್ಲಿ ಆಕೆ ಮಗು ಹೆಸರೂ ಇದೆ. ಮೆಂಡೆಲ್ ಅಂತಲೇ.”

“ಅಷ್ಟೊಂದು ಪ್ರೀತಿ.”

“ಅವರ ಜನದಲ್ಲಿ ಬದುಕಿರೋರ ಹೆಸರು ಮಕ್ಕಳಿಗೆ ಇಡಲ್ವಂತೆ ರೀ, ತೀರ್ಕೊಂಡೋರದ್ದು ಮಾತ್ರ.”



“ಅಜ್ಜ ಆ ಮಗನಿಗೆ ಫೋನ್ ಮಾಡಿದ್ರಾ?”

“ನಂಬರ್ ಬರ್ಕೊಟ್ಟೆ. ಅವನು ಯಾರು ಅಂತ ಕೇಳಿದ್ರೆ ಯಾವ ಹೆಸರು ಹೇಳ್ಲಿ ಅಂದ್ರು ಅಜ್ಜ.”

ಸ್ಟೇಷನ್ ಬಂತು. ಇಬ್ಬರೂ ಬ್ಯಾಗೆತ್ತಿಕೊಂಡು ಇಳಿದರು.