ನಿಜವಾಗಿ ಕೇಳಿದವರು

ಬಸ್ಸಿಗೆ ಕಾಯುತ್ತಿದ್ದ ಹೊಲಿಗೆಯಾಕೆಯ ಪಕ್ಕದಲ್ಲಿ ಅಣ್ಣ ತಂಗಿ ಕೂತಿದ್ದರು.

“ಅಣ್ಣಾ, ಕೇಳುಗರ ಲೆಕ್ಕ ಏರಿಸೋಕೆ ನೀನು ಇಟ್ಟಿರೋ ಆ ನಲವತ್ತು ಫೋನ್ ಆಫ್ ಮಾಡು. ನಾನು ಹಾಡಿದ ಜೋಗುಳಾನ ಹಗಲೂ ರಾತ್ರಿ ಅವೇ ಕೇಳ್ತಾ ಇದ್ರೆ ಅದು ಮೋಸ.”

“ಏಕಾಏಕಿ ನಿಲ್ಲಿಸಿದ್ರೆ ಕೇಳುಗರ ಸಂಖ್ಯೆ ದೊಪ್ಪಂತ ಬೀಳತ್ತೆ. ಹಾಡಿನ ಆ್ಯಪ್‌ನೋರು ಅನುಮಾನಪಟ್ಟು ಹಾಡೇ ತೆಗೆದುಹಾಕ್ತಾರೆ.”

“ನಿಲ್ಲಿಸದಿದ್ರೆ?”

“ಇವತ್ತಲ್ಲ ನಾಳೆ ಸಿಕ್ಕಿಬೀಳ್ತೀವಿ. ಹುಲಿ ಮೇಲೆ ಕೂತಾಯ್ತು ಕಣೇ, ಇಳಿಯೋ ಹಾಗಿಲ್ಲ.”

“ಮನುಷ್ಯರು ಎಷ್ಟು ಜನ ಕೇಳಿದಾರೆ, ಅದನ್ನಾದ್ರೂ ಹೇಳು.”

“ಎಲ್ಲಾ ಕಲಸಿಹೋಗಿದೆ. ಹೇಗೆ ಹೇಳ್ಲಿ?”

ಹೊಲಿಗೆಯಾಕೆಗೆ ಆ ದನಿಯ ಗುರುತು ಹತ್ತಿತು. ಫೋನಿನಲ್ಲಿ ಆ ಜೋಗುಳ ಹಾಕಿಯೇ ಅವಳು ಮೊಮ್ಮಗಳನ್ನು ಮಲಗಿಸುತ್ತಿದ್ದಳು. ‘ನಾನು ಕೇಳಿದೀನಮ್ಮಾ’ ಎನ್ನಲು ತಿರುಗಿದಳು.

“ಇನ್ಮೇಲೆ ಯಾರಾದ್ರೂ ಚೆನ್ನಾಗಿ ಹಾಡ್ತೀಯ ಅಂದ್ರೂ, ಅವರನ್ನ ನೀನೇ ಹೇಳಿ ಕಳಿಸಿರಬೇಕು ಅನ್ಸತ್ತೆ,” ಎಂದಳು ತಂಗಿ.

ಹೊಲಿಗೆಯಾಕೆ ಮತ್ತೆ ರಸ್ತೆಯತ್ತ ತಿರುಗಿದಳು. ಅವರ ಬಸ್ಸು ಬಂತು, ಇಬ್ಬರೂ ಹತ್ತಿ ಹೊರಟರು.