ಡೆಲ್ಮರ್ ಟೋಪಿ ಎತ್ತಿದ್ದು

…ಅಲ್ಲ, ನಗಬೇಡ! ನಗೋ ವಿಷಯ ಅಲ್ಲ ರಾಯ್ಸ್. ಕಳೆದ ಶನಿವಾರ ರೇಸು ನೋಡೋಕೆ ಬಂದದ್ದು ಮುನ್ನೂರ ಹನ್ನೊಂದು ಜನ. ನಾನೇ ಎಣಿಸಿದೆ. ಮೈಕು ಹಿಡ್ಕೊಂಡು ಮೇಲಿನ ಗೂಡಲ್ಲಿ ಕೂತವನಿಗೆ ಇನ್ನೇನು ಕೆಲಸ? ಅದರಲ್ಲಿ ಅರ್ಧ ಕಾರು ಓಡಿಸೋರ ಹೆಂಡ್ತಿ, ಮಕ್ಕಳು, ಅತ್ತೆ, ಮಾವ. ಎರಡು ನಾಯಿ. ನಾಯಿ ಸೇರಿಸಿಯೇ ಮುನ್ನೂರ ಹನ್ನೊಂದು, ಆಯ್ತಾ? ಹ್ಞಾ… ಈಗ ಬೇಕಾದ್ರೆ ನಗು.

ಆ ಸ್ಪ್ಯಾನರ್ ಒಂದು ನಿಮಿಷ ಕೆಳಗಿಡೋ. ಸರಿ, ಇಡಬೇಡ, ಕೆಲಸ ಮಾಡ್ತಾನೇ ಕೇಳು. ಯಾರದು ಈ ಹುಲ್ಲು ಕತ್ತರಿಸೋ ಮಷೀನು? …ಓ. ಆರ್ಡಿತ್ ಅಮ್ಮನದಾ. ಎಂಬತ್ತಾರಾಯ್ತಲ್ಲೋ ಅವರಿಗೆ! ಇನ್ನೂ ತಾವೇ ಹತ್ತಿ ಕೂತು ಓಡಿಸ್ತಾರಾ? ಡೆಲ್ಮರ್‌ನ ಹೆತ್ತ ತಾಯಿ ಬಿಡು, ಚಕ್ರ ಇರೋದು ಏನು ಕಂಡ್ರೂ ಕೈ ಸುಮ್ಮನಿರಲ್ಲ. ಪ್ರತಿ ಬೇಸಿಗೆ ನೀನು ಇದನ್ನ ರಿಪೇರಿ ಮಾಡ್ತೀಯ, ಅವರ ಬೇಲಿ ಹತ್ರ ಬಿಟ್ಟು ಬರ್ತೀಯ, ಅವರು ಕಿಟಕಿ ಪರದೆ ಎಳ್ಕೋತಾರೆ. ಇಪ್ಪತ್ತೆರಡು ವರ್ಷ! ಒಂದು ಮಾತಿಲ್ಲ… ಏನಂದೆ? ಇವತ್ತು ಇಲ್ಲಿಗೇ ಬರ್ತಾರಾ? ತಾವೇ? …ಪಾದ್ರಿ ಕರ್ಕೊಂಡು ಬರ್ತಾರಂತಾ. ಹಂಗಾದ್ರೆ ನಾನು ಬೇಗ ಮುಗಿಸ್ತೀನಿ.

ಶನಿವಾರ ಕೊನೇ ರೇಸು. ಟ್ರ್ಯಾಕಿನ ಯಜಮಾನಿ ಖಡಾಖಂಡಿತ ಹೇಳಿಬಿಟ್ಟಿದ್ದಾಳೆ. ಗ್ಯಾಲರಿ ತುಂಬಿದ್ರೆ ಇನ್ನೊಂದು ವರ್ಷ, ಇಲ್ಲದಿದ್ರೆ ಸೋಮವಾರ ಬುಲ್ಡೋಜರ್. ಗೋದಾಮು ಕಟ್ತಾರಂತೆ. ಎಪ್ಪತ್ತು ವರ್ಷ ಕಾರು ಹಾರಿದ ನೆಲದ ಮೇಲೆ ರಟ್ಟಿನ ಡಬ್ಬ ಜೋಡಿಸ್ತಾರಂತೆ ಮಾರಾಯ! ಅದಕ್ಕೇ ಬಂದೆ. ನೀನು ಬರಬೇಕು. ಆ ಮೂಲೇಲಿ ಟಾರ್ಪಾಲು ಹೊದ್ದು ಮಲಗಿದ್ಯಲ್ಲ ನಿನ್ನ ನಲವತ್ತೊಂದನೇ ನಂಬರಿನ ಕಾರು, ಅದನ್ನ ಎಬ್ಬಿಸಿ, ರೇಸಿಗೆ ಮುಂಚೆ ಒಂದೇ ಒಂದು ಸುತ್ತು. ನಾನು ಮೇಲಿಂದ ಕೂಗ್ತೀನಿ: ‘ರಾಯ್ಸ್ ಬ್ಲೆವಿನ್ಸ್! ಇಪ್ಪತ್ತೆರಡು ವರ್ಷದ ಮೇಲೆ!’ ಜನ ಬರ್ತಾರೆ ಕಣೋ. ಬಯ್ಯೋಕಾದ್ರೂ ಬರ್ತಾರೆ!

…ಸರಿ, ಸರಿ, ಹಂಗೆ ಹೇಳಬಾರದಿತ್ತು. ನಾಲಿಗೆ ನಂದು, ಬ್ರೇಕ್ ಹಿಡಿಯಲ್ಲ.

ಆದ್ರೆ ಒಂದು ವಿಷಯ, ಕೋಪ ಮಾಡ್ಕೋಬೇಡ… ಪೋಸ್ಟರ್ ಆಗಲೇ ಹಾಕಿಸಿಬಿಟ್ಟೆ. ಕ್ಷೌರದಂಗಡೀಲಿ, ಮೀನುಗಾಳ ಮಾರೋ ಅಂಗಡೀಲಿ, ಚರ್ಚಿನ ಬೋರ್ಡಲ್ಲೂ. ನಿನ್ನ ಫೋಟೋ ಹಳೇದು, ತಲೆತುಂಬ ಕೂದಲಿರೋದು. ಯಾಕೆ ಹಂಗೆ ನೋಡ್ತೀಯ? ಮೀಸೆ ಚೆನ್ನಾಗಿ ಬಂದಿದೆ!

ಎಲ್ಲಿ ಹೋದ್ರೋ ಜನ? ನೀನೇ ಹೇಳು. ನಮ್ಮದೊಂದೇ ಅಲ್ಲ. ದೊಡ್ಡ ದೊಡ್ಡ ಟ್ರ್ಯಾಕುಗಳಲ್ಲೂ ಸೀಟು ಕಿತ್ತು ಹಾಕಿದ್ರು. ಉಳಿದ ಸೀಟಿಗೆ ಬಣ್ಣಬಣ್ಣ ಹೊಡೆದ್ರು, ಟೀವೀಲಿ ಖಾಲಿ ಸೀಟೂ ಅಂಗಿ ಹಾಕ್ಕೊಂಡ ಮನುಷ್ಯನ ಥರ ಕಾಣ್ಲಿ ಅಂತ! ನಾನು ಊರೆಲ್ಲ ಏಮಾರಿಸಿದೋನು, ನನಗೇ ಹೊಳೀಲಿಲ್ಲವಲ್ಲ ಈ ಉಪಾಯ. ಪಾಯಿಂಟಿನ ಲೆಕ್ಕ ಅರ್ಥ ಆಗೋಕೆ ಈಗ ವಕೀಲ ಬೇಕು. ಮುಂಚೆ ಅಪ್ಪ ಯಾವ ಕಂಪನಿ ಕಾರು ಇಟ್ಟಿದ್ದನೋ ಮಗ ಆ ಕಂಪನಿಗಾಗಿ ಹೊಡೆದಾಡ್ತಿದ್ದ. ಈಗಿನ ಹುಡುಗರಿಗೆ ಕಾರಿನ ಬಾನೆಟ್ ಎತ್ತೋಕೂ ಬರಲ್ಲ. ಬೇಯಿಸಿದ ಕಡಲೆಕಾಯಿ ಮಾರೋ ಮೇಬಲ್ ಕೂಡ ಬಿಟ್ಟು ಹೋದ್ಲು. ಮೂವತ್ತು ವರ್ಷ ಗೇಟಲ್ಲಿ ಹಂಡೆ ಇಟ್ಕೊಂಡು ಕೂತಿದ್ಲು. ‘ಹಾರ್ಲನ್, ನಾನು ಹಂಡೆಯ ಹಬೆಗೆ ಕಡಲೆಕಾಯಿ ಮಾರಬೇಕಾಗಿದೆ’ ಅಂದ್ಲು.

ಇದೇನು ಹೊಸದಲ್ಲ ಬಿಡು. ಇಪ್ಪತ್ತೆರಡು ವರ್ಷದ ಹಿಂದೆಯೂ ಹಿಂಗೇ ಶುರುವಾಗಿತ್ತು, ನೆನಪಿದ್ಯಾ? ನಾನೂರು ಜನ, ಮುನ್ನೂರೈವತ್ತು ಜನ… ನಿಮ್ಮಿಬ್ಬರ ಜಗಳ ಹುಟ್ಟಿಸಿದ್ದೇ ಅದಕ್ಕಲ್ಲವಾ ನಾನು? ಕ್ಷೌರದಂಗಡಿ ಗೋಡೆ ಮೇಲೆ ಡೆಲ್ಮರ್ ಬರೆದ ಹಾಗೆ ನಿನಗೆ ಬೈಗುಳದ ಕಾಗದ, ಮಾರನೇ ದಿನ ನೀನು ಬರೆದ ಹಾಗೆ ಉತ್ತರ. ಎರಡೂ ನನ್ನ ಕೈಬರಹ! ‘ರಾಯ್ಸ್ ಬ್ಲೆವಿನ್ಸ್‌ಗಿಂತ ನಮ್ಮಮ್ಮ ಚೆನ್ನಾಗಿ ಓಡಿಸ್ತಾಳೆ.’ ಹ್ಹ! ಊರು ಎರಡಾಯ್ತು. ಚರ್ಚಲ್ಲಿ ನಿನ್ನ ಕಡೆಯವರು ಎಡಕ್ಕೆ, ಅವನ ಕಡೆಯವರು ಬಲಕ್ಕೆ. ಏನು ಕಾಲ! ನಾನಿಲ್ಲದಿದ್ರೆ ಆ ಟ್ರ್ಯಾಕು ಆಗಲೇ ಸತ್ತಿರ್ತಿತ್ತು. ಯಜಮಾನಿಯ ಗಂಡನ ಕಾರಿನ ಡಿಕ್ಕಿಗೆ ಜೀವಂತ ಮೀನು ಬಿಟ್ಟೋನು ನಾನು. ಪಾದ್ರಿ ಪ್ರಾರ್ಥನೆ ಮಾಡುವಾಗ ಮೈಕಲ್ಲಿ ಹಸು ಕೂಗಿಸಿದೋನು ನಾನು. ಫೆಬ್ರವರೀಲಿ ಹುಟ್ಟಿದ ಆರ್ಡಿತ್ ಅಮ್ಮನಿಗೆ ಜುಲೈನಲ್ಲಿ ಹುಟ್ಟುಹಬ್ಬ ಮಾಡಿಸಿದೋನೂ ನಾನೇ! ‘ಇವತ್ತು ಅವರ ಹುಟ್ಟುಹಬ್ಬ, ಎಲ್ಲ ಎದ್ದು ಹಾಡಿ’ ಅಂತ ಒಂದು ಮಾತು ಅಂದೆ. ನಾಲ್ಕು ಸಾವಿರ ಗಂಟಲು ಒಟ್ಟಿಗೆ ಹಾಡಿದ್ವು! ಅವರು ಪಾಪ, ‘ಅಯ್ಯೋ ಇವತ್ತಲ್ಲ, ಇವತ್ತಲ್ಲ’ ಅಂತ ಕೈ ಬೀಸ್ತಾ ಇದ್ರೆ ಜನ ಇನ್ನೂ ಜೋರು…

ಏನು? ಯಾಕೆ ನಿಲ್ಲಿಸಿದೆ? ಬೋಲ್ಟು ಬಿಗೀತಾ?

ಆಗಲೇ ಯಾವುದೋ ಗಾಡಿ ಬಂದು ನಿಂತ ಹಂಗಾಗಿತ್ತಲ್ಲ… ಇಲ್ಲ, ರಸ್ತೇಲಿ ಹೋಯ್ತೇನೋ.

ಕೇಳು, ನಿನಗೊಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಿಲ್ಲ. ಮಂಗಳವಾರ ಮಧ್ಯಾಹ್ನ ಮೈಕು ಪರೀಕ್ಷೆ ಮಾಡೋಕೆ ಹೋಗಿದ್ದೆ. ಚುರುಗುಟ್ಟೋ ಬಿಸಿಲು. ಒಂದು ನರಪಿಳ್ಳೆ ಇಲ್ಲ. ಗ್ಯಾಲರಿ ಹಲಗೆ ಸಂದೀಲಿ ಹುಲ್ಲು ಬೆಳೆದಿದೆ. ‘ಒಂದು, ಎರಡು’ ಅಂದೆ. ಮೂರನೇ ತಿರುವಿನ ಸ್ಪೀಕರಿಂದ ನನ್ನ ದನಿ ತಡವಾಗಿ ವಾಪಸ್ ಬಂತು, ಅದು ಮಾಮೂಲು. ಆಮೇಲೆ… ಕಾರಿನ ಸದ್ದು. ಒಂದೇ ಕಾರು. ಟ್ರ್ಯಾಕಿನ ಆಚೆ ಬದಿಯ ನೇರ ದಾರೀಲಿ ಬರ್ತಾ ಇದೆ, ಬರ್ತಾ ಇದೆ. ನಿನಗೆ ಗೊತ್ತಲ್ಲ, ತಿರುವಿನ ಬಾಯಲ್ಲಿ ಯಾರೇ ಆಗಲಿ ಆಕ್ಸಿಲರೇಟರಿಂದ ಕಾಲು ಎತ್ತಲೇಬೇಕು, ಸದ್ದು ಇಳೀಲೇಬೇಕು. ಕಣ್ಣು ಮುಚ್ಚಿಕೊಂಡೇ ಹೇಳ್ತೀವಿ ನಾವು. ಇದು ಇಳಿಯೋದೇ ಇಲ್ಲ ರಾಯ್ಸ್. ಇಳಿಯೋದೇ ಇಲ್ಲ. ನಾನು ಮೈಕಲ್ಲಿ ಕೂಗಿಬಿಟ್ಟೆ, ‘ಕಾಲು ಎತ್ತೋ ಡೆಲ್ಮರ್!’ ಅಂತ. ಖಾಲಿ ಗ್ಯಾಲರಿಗೆಲ್ಲ ಕೇಳಿಸ್ತು. ಆಮೇಲೆ ಗೋಡೆಗೆ ಬಡಿದ ಸದ್ದು, ಅವನು ಸತ್ತ ದಿನದ ಹಾಗೇ…

ಇಲ್ಲ, ಕುಡಿದಿರಲಿಲ್ಲ. ಚಹಾ. ತಣ್ಣನೆ ಸಿಹಿ ಚಹಾ. ಆಣೆ.

ಯಾಕೆ ಮತ್ತೆ ಅದನ್ನೇ ಕೇಳ್ತೀಯ? ಪ್ರತಿ ಸಲ ಇದೇ ಪ್ರಶ್ನೆ… ಶನಿವಾರ ಬರೋದಾದ್ರೆ ಅದೊಂದು ಹೇಳಬೇಕಾ? ಷರತ್ತಾ? ಸರಿ ಮಾರಾಯ, ಸಾವಿರದೊಂದನೇ ಸಲ ಹೇಳ್ತೀನಿ. ಹೇಳಿದ್ದೆ. ಡೆಲ್ಮರ್‌ಗೂ ಹೇಳಿದ್ದೆ, ನಿನಗೆ ಹೇಳಿದ ಹಾಗೇ. ಕೊನೇ ಸುತ್ತು, ಮೂರನೇ ತಿರುವು. ಅವನು ಮುಂದೆ, ನೀನು ಹಿಂದೆ. ಅವನು ಸ್ವಲ್ಪ ಮೊದಲೇ ಕಾಲು ಎತ್ತಬೇಕು, ನೀನು ಹಿಂದಿಂದ ಮೆತ್ತಗೆ ಮುಟ್ಟಬೇಕು, ಅವನು ಜಾರಿ ಹುಲ್ಲಿಗೆ ಹೋಗಬೇಕು. ಇಳಿದು ಬಂದು ನಿನ್ನ ಕಾರಿಗೆ ಹೆಲ್ಮೆಟ್ ಎಸೀಬೇಕು. ಜನ ಹುಚ್ಚೆದ್ದು ಕುಣೀಬೇಕು, ಮುಂದಿನ ವಾರ ಸೇಡು ನೋಡೋಕೆ ಎರಡರಷ್ಟು ಬರಬೇಕು. ಅಷ್ಟೇ. ಬರೀ ನಾಟಕ. ಕೇಳಿ ಅವನು ನಕ್ಕಿದ್ದ! ಕಡಲೆಕಾಯಿ ಹಂಡೆ ಪಕ್ಕ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕ.

…ಹೋದ ಸಲ ನಾನು ಕ್ಷೌರದಂಗಡಿ ಅಂದಿದ್ನಾ? ಮುಖಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದ ಅಂತ? ಇರಬಹುದು. ಎರಡು ಸಲ ಹೇಳಿರ್ತೀನಿ. ಇಪ್ಪತ್ತೆರಡು ವರ್ಷ ಆಯ್ತಲ್ಲೋ!

ಅವನು ಚರ್ಚಿನ ಹಿರಿಯ, ಸುಳ್ಳು ಆಡದೋನು, ಹೌದು. ಒಪ್ಪಿದ್ದು ನನಗೂ ಆಶ್ಚರ್ಯವೇ. ಆದ್ರೆ ನೀನೇ ಗುರುತು ಕೇಳಿದ್ದೆಯಲ್ಲ? ‘ಒಪ್ಪಿದ್ರೆ ನನಗೊಂದು ಗುರುತು ಕೊಡಲಿ, ಇಲ್ಲದಿದ್ರೆ ನಾನು ಮುಟ್ಟಲ್ಲ’ ಅಂದೆ. ‘ರೇಸಿಗೆ ಮುಂಚೆ ನಾನು ಅವನ ಹೆಸರು ಕೂಗಿದಾಗ ನಿನ್ನ ಕಡೆ ತಿರುಗಿ ಟೋಪಿ ಎತ್ತುತ್ತಾನೆ’ ಅಂದೆ. ಎತ್ತಿದನೋ ಇಲ್ಲವೋ? ನಿನ್ನ ಕಣ್ಣಾರೆ ನೋಡಿದೆಯೋ ಇಲ್ಲವೋ? ಮುಗೀತಲ್ಲ! ನಗ್ತಾ ಎತ್ತಿದ. ಎರಡು ಸಲ. ಗುರುತು ಕೊಟ್ಟು, ಕೊನೇ ಗಳಿಗೇಲಿ ಗೆಲ್ಲೋ ಆಸೆಗೆ ಮನಸ್ಸು ಬದಲಾಯಿಸಿದ. ಕಾಲು ಎತ್ತಲಿಲ್ಲ, ನೀನು ಮುಟ್ಟಿದ್ದೇ ಆ ವೇಗಕ್ಕೆ ನೇರ ಗೋಡೆಗೆ ಹೋದ. ಅದು ಅವನ ತಪ್ಪು, ನಿಂದಲ್ಲ, ನಂದೂ ಅಲ್ಲ. ಅದನ್ನೇ ಅಲ್ಲವಾ ನಾನು ನಿನಗೆ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದು? ಊರು ನಿನ್ನ ಕೊಲೆಗಾರ ಅಂದ್ರೂ, ನಿನಗೂ ನನಗೂ ಗೊತ್ತು…

ಹಾಡಾ? ಆ ಹುಟ್ಟುಹಬ್ಬದ ಹಾಡು ಯಾವತ್ತು ಅಂತಾ? ನೀನು ಯಾವಾಗಲೂ ಎಲ್ಲರಿಗಿಂತ ಮೊದಲು ಕಾರಲ್ಲಿ ಕೂತು, ಹೆಲ್ಮೆಟ್ ಹಾಕಿ, ಎಂಜಿನ್ ಗುರುಗುಟ್ಟಿಸ್ತಾ ಇರ್ತಿದ್ದೆ. ನಾನು ಮೈಕಲ್ಲಿ ಏನು ಕೂಗಿದ್ರೂ ನಿನಗೆ ಕೇಳಿಸ್ತಾ ಇರಲಿಲ್ಲ. ಆ ಹುಟ್ಟುಹಬ್ಬ ಬೇರೆ ಯಾವತ್ತೋ… ಬೇರೆ ವರ್ಷ.

…ಹೌದು. ನಾಲ್ಕು ಸಾವಿರ ಜನ ಬಂದದ್ದು ಅದೊಂದೇ ದಿನ. ಹೌದು.

ಅವರಮ್ಮ ಎಲ್ಲಿ ಕೂತಿದ್ರು ಅಂತ ಈಗ ಯಾಕೆ? ಮೂರನೇ ಸಾಲು… ಎಂದಿನ ಜಾಗ. ಬೇಲಿ ಪಕ್ಕ. ನಿನ್ನ ಕಾರಿನ… ನಿನ್ನ ಕಾರಿನ ನೇರಕ್ಕೆ ಹಿಂದೆ.

ರಾಯ್ಸ್… ಬೈಯಿ. ಸ್ಪ್ಯಾನರ್ ತಗೊಂಡು ಎಸಿ! ನಾನು ಕೇಳಿದ್ದೆ ಕಣೋ ಅವನನ್ನ! ನಿಜವಾಗಲೂ ಕೇಳಿದ್ದೆ. ‘ನೋಡೋಕೆ ಬಂದವರಿಗೆ ಸುಳ್ಳು ತೋರಿಸಲ್ಲ’ ಅಂದುಬಿಟ್ಟ. ಪೋಸ್ಟರ್ ಆಗಿತ್ತು, ಜನ ಬಂದಿದ್ರು, ಮೆಟ್ಟಿಲ ಮೇಲೆಲ್ಲ ಕೂತಿದ್ರು… ನಾಲ್ಕು ಸಾವಿರ ರಾಯ್ಸ್! ಅವನಿಗೆ ಗೊತ್ತಿಲ್ಲದಿದ್ರೂ ಏನಾಗುತ್ತೆ, ಒಂದು ಸಲ ಜಾರ್ತಾನೆ, ಆಮೇಲೆ ಎಲ್ಲರೂ ನಗ್ತೀವಿ ಅಂದ್ಕೊಂಡೆ. ಅವನ ಹೆಸರು ಕೂಗಿ, ಹಿಂದೆಯೇ ಹುಟ್ಟುಹಬ್ಬದ ಹಾಡು ಹಾಡಿಸಿದೆ; ತಾಯಿ ಕಡೆ ನೋಡಿ ಟೋಪಿ ಎತ್ತಿದ ಪುಣ್ಯಾತ್ಮ. ನಾನು ಮೇಲಿಂದ ನೋಡಿದೆ. ಅವರು ಕೈ ಬೀಸ್ತಾ ಇದ್ರು, ನಿನಗೇ ಎತ್ತಿದ ಅಂದ್ಕೊಂಡು ನೀನು ಸರಿ ಅಂತ ತಲೆ ಆಡಿಸಿದೆ. ಎಷ್ಟು ಚೆನ್ನಾಗಿ ಕೂತುಬಿಡ್ತು ಅಂತ ನಾನು ಮೈಕು ಮುಚ್ಚಿಕೊಂಡು ನಕ್ಕೆ…

ಶನಿವಾರ ಬೇಡ ಬಿಡು. ಪೋಸ್ಟರ್ ಕಿತ್ತು ಹಾಕ್ತೀನಿ. ಗೋದಾಮು ಕಟ್ಟಿಕೊಳ್ಳಲಿ.

ಬಾಗಿಲ ಕಡೆ ಏನು ನೋಡ್ತೀಯ? ನನ್ನ ನೋಡಿ ಮಾತಾಡು.

ಅದ್ಯಾಕೆ ಟೋಪಿ ತೆಗೆದೆ? ಯಾರಿಗೋ ಎತ್ತಿದ್ದು? …ನನಗಲ್ಲ. ನನಗೆ ಯಾಕೆ ಎತ್ತುತ್ತೀಯ ನೀನು.

ನನ್ನ ಹಿಂದೆ…

ಅಮ್ಮಾ. ಆರ್ಡಿತ್ ಅಮ್ಮಾ… ಬನ್ನಿ, ಕೂತ್ಕೊಳ್ಳಿ. ಬಂದು ಎಷ್ಟೊತ್ತಾಯ್ತು? ಈಗ ತಾನೇ ಬಂದ್ರಾ? …ಇಲ್ವಾ?

ಹುಟ್ಟುಹಬ್ಬದ ಮಾತಿನಿಂದಲೂ ಇಲ್ಲೇ ನಿಂತಿದ್ರಾ?