ಉನ್ ಅಂದ್ರೆ ಒಂದ್ ಕಮ್ಮಿ

ಅಧ್ಯಕ್ಷ ಸ್ಥಾನದಲ್ಲಿ ಕುಳಿತು, ನನ್ನ ಮಾತು ಎಷ್ಟು ಹೊತ್ತಿಗೆ ಮುಗಿಯುವುದೋ ಎಂದು ಆಗಲೇ ಗಡಿಯಾರ ನೋಡಿಕೊಂಡಿರುವ ನಮ್ಮ ಮುಖ್ಯೋಪಾಧ್ಯಾಯರಾದ ಜನಾಬ್ ಮುಕ್ತಿಯಾರ್ ಸಾಹೇಬರೇ, ಮುಖ್ಯ ಅತಿಥಿಗಳಾದ ಶಿಕ್ಷಣ ಇಲಾಖೆಯ ಅಧಿಕಾರಿ ಸನ್ಮಾನ್ಯ ಮುನಿರಾಮಯ್ಯನವರೇ, ಸಹೋದ್ಯೋಗಿ ಮಿತ್ರರೇ, ನೂಲು ತೆಗೆಯುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿರುವ ತಾಯಂದಿರೇ, ಹಿಂದಿನ ಸಾಲಿನಲ್ಲಿ ಮಿಕ್ಸ್ಚರ್ ಪೊಟ್ಟಣಕ್ಕೆ ಕಾಯುತ್ತಿರುವ ನನ್ನ ಹತ್ತನೇ ತರಗತಿಯ ಮಕ್ಕಳೇ, ಸಭಿಕರೇ,

ಬೀಳ್ಕೊಡುಗೆಯೆಂದು ನನಗೆ ತೊಡಿಸಿದ ಮೈಸೂರು ಪೇಟ ತುಸು ದೊಡ್ಡದು. ಆಗಾಗ ಕಣ್ಣಿನ ಮೇಲೆ ಇಳಿಯುತ್ತಿದೆ. ಒಳಗಿರುವ ತಲೆ ಎಷ್ಟು ಚಿಕ್ಕದು ಎಂಬುದು ಇಂದಲ್ಲ ನಾಳೆ ನಿಮಗೆಲ್ಲ ಗೊತ್ತಾಗಲೇಬೇಕಿತ್ತು.

ನನಗಿಂತ ಮೊದಲು ಮಾತನಾಡಿದವರು ನನ್ನನ್ನು ಗಣಿತ ಬ್ರಹ್ಮ ಎಂದರು. ಎಸ್ಸೆಸ್ಸೆಲ್ಸಿಯಲ್ಲಿ ಈ ಬ್ರಹ್ಮನಿಗೆ ಗಣಿತಕ್ಕೆ ಬಂದದ್ದು ಮೂವತ್ತೊಂಬತ್ತು. ನಮ್ಮಪ್ಪ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ ಚೆಲುವ ಲೆಕ್ಕದಲ್ಲಿ ಬೇಕಾದ್ದಕ್ಕಿಂತ ನಾಕ್ ಮಾರ್ಕ್ ಜಾಸ್ತಿನೇ ತಗಂಡವ್ನೆ" ಎಂದು ಹೇಳಿಕೊಂಡು ತಿರುಗಿದರು. ಆ ನಾಲ್ಕು ಮಾರ್ಕಿನ ಬಲದ ಮೇಲೆಯೇ ನಾನು ಇಂದು ಈ ವೇದಿಕೆ ಹತ್ತಿದ್ದೇನೆ.

ಸಭಿಕರೇ, ಈ ಉರ್ದು ಪ್ರೌಢಶಾಲೆಗೆ ನಾನು ಬಂದದ್ದಾದರೂ ಹೇಗೆ? ಉರ್ದುವಿನಲ್ಲಿ ಗಣಿತ ಹೇಳುವ ಮೇಷ್ಟ್ರು ಇಲಾಖೆಗೆ ಸಿಗಲಿಲ್ಲ. ಗಣಿತಕ್ಕೆ ಭಾಷೆ ಎಲ್ಲಿದೆ ಎಂದು ಯಾರೋ ಅಂದರಂತೆ, ಕನ್ನಡದವನಾದ ನನ್ನನ್ನು ಮೂರು ತಿಂಗಳ ಮಟ್ಟಿಗೆ ಎಂದು ಇಲ್ಲಿಗೆ ಕಳಿಸಿದರು. ಅದಾಗಿ ಏಳು ವರ್ಷವಾಯಿತು. ಆಗ ನನಗಿದ್ದ ಉರ್ದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಿವಿಗೆ ಬಿದ್ದಷ್ಟೇ. ಇಪ್ಪತ್ತರವರೆಗೆ ಎಣಿಸಲು, ಆಮೇಲೆ ತೀಸ್, ಚಾಲೀಸ್ ಎಂದು ಹತ್ತು ಹತ್ತಾಗಿ ಹೇಳಲು ಬರುತ್ತಿತ್ತು. ನಡುವಿನದನ್ನು ನಾನೇ ತಯಾರಿಸಿಕೊಂಡೆ. ಮೂವತ್ತು ಒಂಬತ್ತು ಸೇರಿದರೆ ಮೂವತ್ತೊಂಬತ್ತು, ಹಾಗಾದರೆ ತೀಸ್ ನೌ! ಮೊದಲ ದಿನವೇ ಎಂಟನೇ ತರಗತಿಯಲ್ಲಿ ಗಂಭೀರವಾಗಿ "ತೀಸ್ ನೌ" ಎಂದೆ. ಕೊಠಡಿಯೇ ಹಾರಿಹೋಗುವಂತೆ ನಕ್ಕರು. ಕೊನೆಗೆ ತಾಹೇರಾ ಎಂಬ ಹುಡುಗಿ ಎದ್ದು ನಿಂತಳು.

"ತೀಸ್ ನೌ ನಕ್ಕೋ ಸಾರ್, ಉನ್ತಾಲೀಸ್. ಉನ್ ಅಂದ್ರೆ ಒಂದ್ ಕಮ್ಮಿ. ಚಾಲೀಸ್‌ಗೆ ಒಂದ್ ಕಮ್ಮಿ."

ನಾನು ಕರಿಹಲಗೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತೆ. ನಲವತ್ತಕ್ಕೆ ಒಂದು ಕಮ್ಮಿ! ಹಾಗಾದರೆ ಮೂವತ್ತೊಂಬತ್ತೈದಲೆ ಎಷ್ಟು ಎಂದು ಕೇಳಿದೆ. ನಲವತ್ತೈದಲೆ ಇನ್ನೂರು, ಅದರಲ್ಲಿ ಐದು ಕಮ್ಮಿ ಎಂದು ಬಾಯಲ್ಲೇ ಹೇಳಿದರು. ಉನ್ತೀಸ್, ಉನ್ಚಾಸ್, ಉನ್ಸಟ್ ಎಂದು ಹುರುಪಿನಿಂದ ಮುಂದೆ ಹೋದೆವು. ಎಂಬತ್ತೊಂಬತ್ತಕ್ಕೆ ಬಂದಾಗ ಅದು ನವಾಸಿ ಎಂದರು. ಇದರ ಉನ್ ಎಲ್ಲಿ ಹೋಯಿತು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ದಿನದಿಂದ ನಮ್ಮ ತರಗತಿಯಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ 'ಯಾಕೆ' ಎಂದು ಕೇಳಬಹುದಾಯಿತು. ದಡ್ಡ ಮೇಷ್ಟ್ರಿಗೆ ತಿಳಿಸಿ ಹೇಳುತ್ತ ಹೇಳುತ್ತ ಮಕ್ಕಳು ತಾವೇ ಕಲಿತರು. ಇದಕ್ಕಿಂತ ಹೆಚ್ಚಿನ ಬೋಧನಾ ವಿಧಾನ ನನ್ನಲ್ಲಿ ಏನೂ ಇಲ್ಲ.

ಇಲಾಖೆ ಸುಮ್ಮನಿತ್ತೇ? ಇರಲಿಲ್ಲ. ಬೋರ್ಡಿನ ಮೇಲೆ ಬರೆಯಿರಿ ಎಂದರು, ಬರೆದೆ. ಬರೆಯಬೇಡಿ, ಮಕ್ಕಳೇ ಕಂಡುಕೊಳ್ಳಲಿ ಎಂದರು, ಬಳಪ ಇಟ್ಟು ಕುಳಿತೆ. ಅಂಕ ಬೇಡ, ಗ್ರೇಡು ಕೊಡಿ ಎಂದರು, ಕೊಟ್ಟೆ. ಆ ಗ್ರೇಡಿಗೆ ಎಷ್ಟು ಅಂಕ ಎಂದು ತಿರುಗಿ ಕೇಳಿದರು, ಅದನ್ನೂ ಕೊಟ್ಟೆ. ಹಾಡಿ ಕಲಿಸಿ ಎಂದರು. ನಾನು ತ್ರಿಕೋನದ ಮೇಲೆ ಹಾಡಿದ ದಿನ ಪಕ್ಕದ ಮನೆಯವರು ಓಡಿಬಂದು ಯಾರಿಗೆ ಏನಾಯಿತು ಎಂದು ವಿಚಾರಿಸಿದರು. ಒಮ್ಮೆ ಚನ್ನಪಟ್ಟಣದ ಬಣ್ಣದ ಮರದ ಘನ, ಗೋಳ, ಶಂಕುಗಳ ಪೆಟ್ಟಿಗೆ ಬಂತು. ಜೊತೆಗೆ ಅದನ್ನು ಭದ್ರವಾಗಿ ಇಡಬೇಕೆಂಬ ಸುತ್ತೋಲೆಯೂ ಬಂತು. ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ತಪಾಸಣೆಗೆ ಬಂದವರು ಒಂದೂ ಕಳೆದಿಲ್ಲ ಎಂದು ಬೆನ್ನು ತಟ್ಟಿದರು. ಉರ್ದು ಪಠ್ಯಪುಸ್ತಕ ಮಾತ್ರ ಪ್ರತಿ ವರ್ಷ ದಸರಾ ರಜೆ ಮುಗಿಸಿಕೊಂಡೇ ಬರುತ್ತಿತ್ತು.

ಇಷ್ಟರ ನಡುವೆಯೂ ನಮ್ಮ ಫಲಿತಾಂಶ ಏರಿತು. ಅದೇ ನೋಡಿ ನನಗೆ ಮುಳುವಾದದ್ದು. ನಮ್ಮ ರಾಮನಗರ ಜಿಲ್ಲೆಯಾಗಿದೆ, ಜಿಲ್ಲೆಗೆ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳು ಬೇಕು. ಚೆನ್ನಾಗಿ ಪಾಠ ಮಾಡುವವನನ್ನು ಹುಡುಕಿ ಪಾಠ ಬಿಡಿಸಿದರೆ ತಾನೇ ಅವನು ಸಂಪನ್ಮೂಲವಾಗುವುದು? ಕನಕಪುರದ ತರಬೇತಿ ಕೇಂದ್ರಕ್ಕೆ ನನ್ನನ್ನು ನಿಯೋಜಿಸಿ ಆದೇಶ ಬಂತು. ಮೊದಲ ಸಾಲಿನಲ್ಲಿರುವ ನನ್ನ ಶ್ರೀಮತಿ ವರಲಕ್ಷ್ಮಮ್ಮನಿಗೆ ಹಿಡಿಸಲಾರದಷ್ಟು ಖುಷಿ. ಕೇಂದ್ರ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದೆ, ಸಾಯಂಕಾಲ ಸೊಪ್ಪು ತರುವುದಕ್ಕೆ ಒಬ್ಬ ಆಳು ಸಿಕ್ಕಂತಾಯಿತು. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ? ಸಂಪನ್ಮೂಲ ಎಂದು ಯಾರಾದರೂ ಕರೆದರೆ ಮೂವತ್ತೊಂಬತ್ತು ಅಂಕದವನಿಗೆ ಆಸೆಯಾಗುವುದಿಲ್ಲವೇ?

ನನ್ನ ಜಾಗಕ್ಕೆ ಯಾರು ಬರುತ್ತಾರೆ ಎಂದು ಮುನಿರಾಮಯ್ಯ ಸಾಹೇಬರ ಕಚೇರಿಗೆ ಹೋಗಿ ಕೇಳಿದೆ. ಅವರು ಒಳ್ಳೆಯವರು, ಕಾಫಿ ಕೊಡಿಸಿಯೇ ಹೇಳಿದರು. "ನಿಮ್ ಸಂಬಳ ಈ ಸ್ಕೂಲಿಂದ್ಲೇ ಆಗ್ತದೆ ಕಣ್ರೀ ಚೆಲುವಯ್ಯ, ಹುದ್ದೆ ಭರ್ತಿ ಅಂತ್ಲೇ ಲೆಕ್ಕ. ಖಾಲಿ ಇದ್ರೆ ತಾನೇ ಇನ್ನೊಬ್ರನ್ನ ಕೊಡೋದು?" ನಿಯಮ ಅವರದಲ್ಲ, ಅವರೂ ಪಾಲಿಸುವವರೇ. ಆದರೆ ಸಭಿಕರೇ, ಕಾಗದದ ಮೇಲೆ ಚಾಲೀಸ್, ತರಗತಿಯಲ್ಲಿ ಉನ್ತಾಲೀಸ್ ಎಂದರೆ ಆ ಒಂದು ಕಮ್ಮಿಯಾದದ್ದು ಯಾರು?

ಇನ್ನೊಂದು ಮಾತು. ಗಣಿತದ ವರ್ಗಕ್ಕೆ, ಅಂದರೆ ಸ್ಕ್ವೇರಿಗೆ, ಉರ್ದು ಪುಸ್ತಕದಲ್ಲಿ ಮುರಬ್ಬಾ ಎನ್ನುತ್ತಾರೆ. ಸಕ್ಕರೆ ಪಾಕದಲ್ಲಿ ಹಾಕಿದ ನೆಲ್ಲಿಕಾಯಿಯೂ ಕಿವಿಗೆ ಮುರಬ್ಬಾ ಎಂದೇ ಕೇಳುತ್ತದೆ. ನಿಯೋಜನೆಯಾದರೂ ಎತ್ತಂಗಡಿಯಾದರೂ ಜನರ ಬಾಯಲ್ಲಿ ಎಲ್ಲವೂ ವರ್ಗವೇ. ಆದ್ದರಿಂದ ನಮ್ಮ ಮಕ್ಕಳು "ಸಾರ್‌ಗೆ ಮುರಬ್ಬಾ ಆಯ್ತು" ಎಂದು ಮೊಹಲ್ಲಾ ತುಂಬ ಸುದ್ದಿ ಹಬ್ಬಿಸಿದರು. ಮೊನ್ನೆ ತಾಹೇರಾಳ ಅಜ್ಜಿ ಕರೀಮುನ್ನೀಸಾ ಅವರು ನಗುತ್ತಲೇ ಒಂದು ಬಾಟಲಿ ನೆಲ್ಲಿಕಾಯಿ ಮುರಬ್ಬಾ ತಂದುಕೊಟ್ಟರು. ತಾಹೇರಾ ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ತಂಗಿ ಮೆಹ್ರೀನ್ ಇಲ್ಲಿ ಹತ್ತನೇ ತರಗತಿಯಲ್ಲಿದ್ದಾಳೆ. ಪಾಸಾದರೆ ಕಾಲೇಜು, ಇಲ್ಲವಾದರೆ ಬಿಡದಿಯ ಫ್ಯಾಕ್ಟರಿಯವರು ಕೂಡ ಗೇಟಿನ ಒಳಗೆ ಬಿಡುವುದಿಲ್ಲ. ಮತ್ತೆ ಅಜ್ಜಿಯ ಪಕ್ಕದಲ್ಲೇ ಕೂತು ಗೂಡು ಬೇಯಿಸಬೇಕು.

ಆ ತಾಯಿ ಬಾಟಲಿ ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತರು. ಬಿಸಿನೀರಿನಲ್ಲಿ ಬೆಂದು ಬೆಳ್ಳಗಾಗಿ ಸಿಪ್ಪೆ ಎದ್ದ ಎರಡು ಕೈಯನ್ನೂ ಮುಂದೆ ಚಾಚಿದರು.

"ಮೇಷ್ಟ್ರುಗಳ್ಗೇ ಪಾಠ ಮಾಡಾಕೆ ಓಯ್ತೀರಂತೆ. ಒಳ್ಳೇದು. ಅವ್ರಿಗೆ ಕೆಲ್ಸ ಐತೆ, ಸಂಬ್ಳ ಐತೆ. ನಮ್ ಮೆಹ್ರೀನ್‌ಗೆ ಇರೋದು ಈ ಕೈ ಒಂದೇ. ಒಸಿ ನೋಡಿ."

ನೋಡಿದೆ. ಅಲ್ಲಿಂದ ಈಚೆಗೆ ನನಗೆ ಊಟ ಸೇರಿಲ್ಲ. ಮುರಬ್ಬಾ ಒಂದು ಮಾತ್ರ ಸೇರಿತು, ಅದು ಬೇರೆ ಮಾತು.

ಮುನಿರಾಮಯ್ಯ ಸಾಹೇಬರೇ, ತಾವು ತಪ್ಪು ತಿಳಿಯಬಾರದು. ಆ ಆದೇಶಕ್ಕೆ ನನ್ನ ಒಪ್ಪಿಗೆಯ ಸಹಿ ಬೇಕೆಂದು ತಾವೇ ಹೇಳಿದ್ದಿರಿ. ಅದನ್ನು ನಾನು ಇನ್ನೂ ಹಾಕಿಲ್ಲ, ಇನ್ನು ಹಾಕುವುದೂ ಇಲ್ಲ. ಬೇರೆ ಮೇಷ್ಟ್ರುಗಳಿಗೆ ಏನಾದರೂ ಕಲಿಯಬೇಕೆನಿಸಿದರೆ ಇಲ್ಲಿಗೇ ಕಳಿಸಿಕೊಡಿ, ಹಿಂದಿನ ಬೆಂಚಿನಲ್ಲಿ ಜಾಗವಿದೆ. ಮಕ್ಕಳು ಅವರಿಗೂ ಎಣಿಸುವುದು ಹೇಳಿಕೊಡುತ್ತಾರೆ.

ಈ ವಿಷಯ ನನ್ನ ಶ್ರೀಮತಿಗೂ ಈಗಲೇ ಗೊತ್ತಾಗುತ್ತಿದೆ. ಅವಳ ಮುಖ ನೋಡುವ ಧೈರ್ಯ ನನಗಿಲ್ಲ. ಪೇಟ ಕಣ್ಣಿನ ಮೇಲೆ ಇಳಿದಿರುವುದು ಒಳ್ಳೆಯದೇ ಆಯಿತು.

ಬೀಳ್ಕೊಡುಗೆಗೆ ಇಷ್ಟೊಂದು ಸಿದ್ಧತೆ ಮಾಡಿದ ಎಲ್ಲರಿಗೂ ನಾನು ಋಣಿ. ಹೊರಟವನು ಹಾರ ಬಾಡುವ ಮುಂಚೆಯೇ ವಾಪಸ್ ಬಂದದ್ದು ಇದೇ ಮೊದಲಿರಬೇಕು. ಮುಕ್ತಿಯಾರ್ ಸಾಹೇಬರೇ, ಶಾಲು ಪೇಟ ಎರಡನ್ನೂ ಮೇಜಿನ ಮೇಲೆ ಇಡುತ್ತೇನೆ, ನಿಜವಾಗಿ ಹೋಗುವವರಿಗೆ ಬರಲಿ. ಮುರಬ್ಬಾ ಮಾತ್ರ ಕೊಡಲಾರೆ, ಬಾಟಲಿ ಖಾಲಿಯಾಗಿದೆ.

ಮಕ್ಕಳೇ, ಮಿಕ್ಸ್ಚರ್ ತಿಂದು ಮನೆಗೆ ಹೋಗಿ. ನಾಳೆ ಮೊದಲ ಪೀರಿಯಡ್ಡು ನನ್ನದೇ, ವರ್ಗಮೂಲ. ಮೆಹ್ರೀನ್, ನೀನು ಮುಂದಿನ ಬೆಂಚಿಗೆ ಬಾ. ಹಾಜರಿ ಕರೆದಾಗ ಒಬ್ಬರೂ ಉನ್ ಆಗಿರಬಾರದು. ಮೇಷ್ಟ್ರೂ ಆಗುವುದಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಶುಕ್ರಿಯಾ. ನಮಸ್ಕಾರ.